ತಲೆಗೊಂದು ನಂಬರ್, ಮೈಗೊಂದು ನಂಬರ್

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಗ್ಯಾರೇಜ್ ತೋರಿಸಿದೆ. ಚಿಕಾಗೊ ಪಕ್ಕದ ನಮ್ಮ ಊರಿನಲ್ಲಿ ಆಗ ರಾತ್ರಿ ಎಂಟೂವರೆ. ಹಾಸನದಲ್ಲಿ ಬೆಳಿಗ್ಗೆ ಏಳು. ಅಪ್ಪನ ಕೈಯಲ್ಲಿ ಕಾಫಿ ಲೋಟ.

“ಏನೋ ಅದು, ಟ್ರಂಕಿಗೆ ನಾಲ್ಕು ಕಾಲು ಹಾಕ್ಸಿದ್ದೀಯಾ?” ಅಂದರು.

“ಪಿನ್‌ಬಾಲ್ ಮಿಷನ್ ಅಪ್ಪ. ನಾಣ್ಯ ಹಾಕಿ, ಗುಂಡು ಹೊಡೆದು ಸ್ಕೋರ್ ಮಾಡೋ ಆಟ. 1965ರದ್ದು. ಮರದ ಮೇಲೆ ನಂಬರ್ ಕೊರೆದಿದ್ದಾರೆ, ಓದೋಕೆ ಆಗ್ತಿಲ್ಲ. ಯಾರೋ ಮೇಲೆ ಪೇಂಟ್ ಬಳಿದುಬಿಟ್ಟಿದ್ದಾರೆ.”

“ಚಾಸಿ ನಂಬರ್ ಹೆಂಗೆ ತೆಗೀತಿದ್ದೆ ನೀನು? ಮರ್ತೋಯ್ತಾ? ತೆಳ್ಳಗಿರೋ ಪೇಪರ್ ಇಟ್ಟು ಪೆನ್ಸಿಲ್ ಉಜ್ಜು.”

ಅಪ್ಪ ಮೂವತ್ತು ವರ್ಷ ಸ್ಕೂಟರ್ ಗ್ಯಾರೇಜ್ ನಡೆಸಿದವರು. ಹಳೇ ಚೇತಕ್ಕೋ ಲ್ಯಾಂಬ್ರೆಟಾನೋ ಕೈ ಬದಲಾಯಿಸುವಾಗ ಆರ್‌ಟಿಒ ಫಾರಂಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕಿತ್ತು. ಸ್ಕೂಲಿನಿಂದ ಬಂದ ಮೇಲೆ ಆ ಕೆಲಸ ನನ್ನದು. ಗ್ರೀಸ್ ಒರೆಸಿ, ಪೇಪರ್ ಹಿಡಿದು, ಪೆನ್ಸಿಲ್ ಮಲಗಿಸಿ ಮೆಲ್ಲಗೆ ಉಜ್ಜಬೇಕು. ಜಾಸ್ತಿ ಒತ್ತಿದರೆ ಎಲ್ಲ ಕಪ್ಪಾಗುತ್ತದೆ, ಕಮ್ಮಿ ಒತ್ತಿದರೆ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ.

ಮಗಳ ಸ್ಕೂಲ್ ಬ್ಯಾಗಿನಿಂದ ಟ್ರೇಸಿಂಗ್ ಪೇಪರ್ ತಂದೆ. ಮಿಷನ್ನಿನ ಮುಂಭಾಗದಲ್ಲಿ ಲಾಕ್ ಬಾರ್ ಅನ್ನುವ ಒಂದು ಸ್ಟೀಲ್ ಪಟ್ಟಿ ಇರುತ್ತದೆ. ಅದನ್ನು ತೆಗೆದರೆ ಕೆಳಗೆ ಮರದ ಅಂಚು. ಅಲ್ಲೇ ನಂಬರ್ ಇತ್ತು, ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಪೆನ್ಸಿಲ್ ಆಡಿಸಿದೆ. ಬೂದು ಬಣ್ಣದ ನಡುವೆ ಬಿಳಿ ಗೆರೆಗಳು ಎದ್ದುಬಂದವು. ಕೊನೆಯ ಮೂರು ಅಂಕಿ: 4, 1, ಆಮೇಲೆ ಒಂದು ಬದಿ ಸವೆದುಹೋದ 8. ಪೂರ್ತಿ ನಂಬರ್ ಇಲ್ಲಿ ಬರೆಯುವುದಿಲ್ಲ. ಈ ಕತೆಗೆ 418 ಸಾಕು.

ಇದು ನನ್ನ ಮನೆಗೆ ಹೇಗೆ ಬಂತು ಅಂತ ಹೇಳಬೇಕಲ್ಲ. ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಎಸ್ಟೇಟ್ ಸೇಲ್ ಅಂತ ಇಡುತ್ತಾರೆ. ಚಮಚದಿಂದ ಹಿಡಿದು ಸೋಫಾವರೆಗೆ ಎಲ್ಲದಕ್ಕೂ ಬೆಲೆ ಚೀಟಿ ಅಂಟಿಸಿ ಬಾಗಿಲು ತೆರೆದಿಡುತ್ತಾರೆ. ನಾನು ಏಣಿ ತರಲು ಹೋಗಿದ್ದೆ. ನೆಲಮಾಳಿಗೆಯ ಮೂಲೆಯಲ್ಲಿ, ಹಳೇ ಕಂಬಳಿಯ ಕೆಳಗೆ, ಇದು ನಿಂತಿತ್ತು. ಕಂಬಳಿ ಎತ್ತಿದರೆ ಗಾಜಿನ ಮೇಲೆ ಕೆಂಪು, ಹಳದಿ, ನೀಲಿ. ಕುದುರೆಗಳು, ಕೌಬಾಯ್‌ಗಳು. ಹೆಸರು ‘ಬಕರೂ’.

ಚಿಕ್ಕವನಿದ್ದಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಒಂದು ತೂಕದ ಮಿಷನ್ ಇತ್ತು. ಹತ್ತಿ ನಿಂತರೆ ಬಣ್ಣದ ಬಲ್ಬು ಮಿನುಗುತ್ತಿದ್ದವು. ನಾಣ್ಯ ಹಾಕಿದರೆ ‘ಟಕ್’ ಅಂತ ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ನನಗೆ ತೂಕವೂ ಬೇಕಿರಲಿಲ್ಲ, ಭವಿಷ್ಯವೂ ಬೇಕಿರಲಿಲ್ಲ. ಒಳಗೆ ಏನು ತಿರುಗುತ್ತಿದೆ ಅಂತ ನೋಡಬೇಕಿತ್ತು. ಆ ಆಸೆ ಹಾಗೇ ಉಳಿದಿತ್ತು ಅಂತ ಕಾಣುತ್ತದೆ. 700 ಡಾಲರ್ ಕೊಟ್ಟು, ಏಣಿ ಮರೆತು, ಕೆಲಸ ಮಾಡದ ಪಿನ್‌ಬಾಲ್ ಮಿಷನ್ ಮನೆಗೆ ತಂದೆ. ನನ್ನ ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು, “ಕಾರು ಎಲ್ಲಿ ನಿಲ್ಲಿಸ್ತೀರಿ?” ಅಂತ ಕೇಳಿದಳು. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಮಾರಿದವರು ತೀರಿಕೊಂಡ ಅಜ್ಜನ ಮೊಮ್ಮಗಳು. ಅವರು ಹೇಳಿದ ಕತೆ ಹೀಗಿತ್ತು: ಅಜ್ಜನಿಗೆ ಚಿಕಾಗೊ ನಗರದೊಳಗೆ ಒಂದು ಬಾರ್ ಇತ್ತು. 1962ರಲ್ಲಿ ಈ ಮಿಷನ್ನನ್ನು ಹೊಸದಾಗಿ ಫ್ಯಾಕ್ಟರಿಯಿಂದಲೇ ತರಿಸಿದ್ದರು. ಬಾರ್ ಮುಚ್ಚಿದ ಮೇಲೆ ಮನೆಗೆ ಬಂತು. ಒಬ್ಬರೇ ಮಾಲೀಕರು, ಎಲ್ಲ ಒರಿಜಿನಲ್.

ಹಳೇ ಸ್ಕೂಟರ್ ಮಾರುವವರೂ ಹೀಗೇ ಹೇಳುತ್ತಿದ್ದರು. “ಡಾಕ್ಟರ್ ಗಾಡಿ ಸಾರ್, ಸಿಂಗಲ್ ಹ್ಯಾಂಡ್.” ಹಾಸನದಲ್ಲಿ ಅಷ್ಟೊಂದು ಡಾಕ್ಟರ್‌ಗಳಿದ್ದರಾ ಅಂತ ಅಪ್ಪ ನಗುತ್ತಿದ್ದರು. ಈಕೆ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ಆದರೂ ನಂಬರ್ ಹಿಡಿದು ನೋಡೋಣ ಅನ್ನಿಸಿತು.

ವರ್ಷ ಮೊದಲ ಹತ್ತು ನಿಮಿಷದಲ್ಲೇ ಬಿದ್ದುಹೋಯಿತು. ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸ್ ಅಂತ ಒಂದಿದೆ. ಯಾವ ಆಟ, ಯಾರು ಮಾಡಿದ್ದು, ಯಾವಾಗ, ಎಷ್ಟು ಮಾಡಿದರು, ಎಲ್ಲ ಅಲ್ಲಿ ಸಿಗುತ್ತದೆ. ಬಕರೂ ಹೊರಬಂದದ್ದು 1965ರಲ್ಲಿ. ಮಾಡಿದ್ದು ಗಾಟ್‌ಲೀಬ್ ಕಂಪನಿ. ಆಟ ರೂಪಿಸಿದವರು ವೇಯ್ನ್ ನೈಯೆನ್ಸ್, ಚಿತ್ರ ಬರೆದವರು ರಾಯ್ ಪಾರ್ಕರ್. ಹಳೇ ಪಿನ್‌ಬಾಲ್ ಹುಚ್ಚರ ಮುಂದೆ ಈ ಎರಡು ಹೆಸರು ಹೇಳಿ ನೋಡಿ, ಕುರ್ಚಿ ಎಳೆದು ಕೂರಿಸುತ್ತಾರೆ. ತಯಾರಾದದ್ದು ಸುಮಾರು 2,600 ಮಿಷನ್. 1992ರ ‘ದಿ ಆಡಮ್ಸ್ ಫ್ಯಾಮಿಲಿ’ 20,000ಕ್ಕೂ ಹೆಚ್ಚು ಮಾರಾಟವಾಯಿತು. ಅದರ ಮುಂದೆ ಇದು ಏನೂ ಅಲ್ಲ. ಆದರೆ 60ರ ದಶಕದಲ್ಲಿ ಇದೇ ವಾಡಿಕೆ. ಒಂದು ಆಟ ಕೆಲವು ವಾರ ತಯಾರಾಗುತ್ತಿತ್ತು, ಆಮೇಲೆ ಅದೇ ಜಾಗದಲ್ಲಿ ಇನ್ನೊಂದು.

ಗಾಟ್‌ಲೀಬ್ ಅಂದರೆ ಈ ಧಂಧೆಯ ಹಳೇ ಮನೆತನ. ಡೇವಿಡ್ ಗಾಟ್‌ಲೀಬ್ 1931ರಲ್ಲಿ ‘ಬ್ಯಾಫಲ್ ಬಾಲ್’ ಅನ್ನುವ ಆಟ ಬಿಟ್ಟರು. ಅಂಗಡಿ ಕೌಂಟರಿನ ಮೇಲೆ ಇಡುವಷ್ಟು ಚಿಕ್ಕದು, ಕರೆಂಟೇ ಬೇಡ. ಆಗ ಎಲ್ಲ ಕಡೆ ಕೆಲಸ ಹೋಗಿ ಜನ ಕಂಗಾಲಾಗಿದ್ದ ಕಾಲ. ಪುಡಿಗಾಸಿಗೆ ಸಿಗುವ ಮನರಂಜನೆ ಅಂತ ಭರ್ಜರಿ ಓಡಿತು. ಗುಂಡನ್ನು ಹೊಡೆಯುವ ಫ್ಲಿಪ್ಪರ್ ಬಂದದ್ದು 1947ರಲ್ಲಿ, ಇದೇ ಕಂಪನಿಯ ‘ಹಂಪ್ಟಿ ಡಂಪ್ಟಿ’ಯಲ್ಲಿ. ಅಲ್ಲಿಯವರೆಗೆ ಗುಂಡು ಬಿಟ್ಟು ದೇವರ ಮೇಲೆ ಭಾರ ಹಾಕಬೇಕಿತ್ತು, ಇಲ್ಲವೇ ಮಿಷನ್ನನ್ನೇ ಗುದ್ದಬೇಕಿತ್ತು. ಫ್ಯಾಕ್ಟರಿ ಇದ್ದದ್ದು ಚಿಕಾಗೊದ ನಾರ್ತ್ ಕಾಸ್ಟ್ನರ್ ಅವೆನ್ಯೂನಲ್ಲಿ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಅಷ್ಟೇ ಅಲ್ಲ, ಬ್ಯಾಲಿ, ವಿಲಿಯಮ್ಸ್ ಕಂಪನಿಗಳೂ ಇದೇ ಊರಿನವು. ಪಿನ್‌ಬಾಲಿಗೆ ಚಿಕಾಗೊ ಅಂದರೆ ಗೊಂಬೆಗೆ ಚನ್ನಪಟ್ಟಣ ಇದ್ದ ಹಾಗೆ.

ಸರಿ, ನಂಬರ್ ಏನು ಹೇಳುತ್ತದೆ? ನನಗೆ ದೊಡ್ಡ ನಿರೀಕ್ಷೆ ಇತ್ತು. ಕಾರಿನ ಚಾಸಿ ನಂಬರ್ ಹಾಕಿದರೆ ಯಾವ ಪ್ಲಾಂಟು, ಯಾವ ವರ್ಷ ಅಂತ ಬರುತ್ತದಲ್ಲ, ಹಾಗೆ ಅಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಇಂಟರ್ನೆಟ್ ಪಿನ್‌ಬಾಲ್ ಸೀರಿಯಲ್ ನಂಬರ್ ಡೇಟಾಬೇಸ್ ಅಂತ ಇನ್ನೊಂದಿದೆ. ಅದು ಕಂಪನಿಯ ಲೆಡ್ಜರ್ ಅಲ್ಲ. ಮಾಲೀಕರು ತಾವಾಗಿಯೇ ತಮ್ಮ ಮಿಷನ್ ನಂಬರ್, ಫೋಟೋ ಕಳಿಸಿ ಕೂಡಿಸಿದ ಪಟ್ಟಿ. ಒಂದು ರೀತಿಯಲ್ಲಿ ಜನಗಣತಿ. ಎಲ್ಲ ಕಂಪನಿಗಳೂ 1ರಿಂದ ಎಣಿಸಲು ಶುರು ಮಾಡಿರಲಿಲ್ಲ. ಅದಕ್ಕೇ ನಂಬರ್ ನೋಡಿ ಇದು ಎಷ್ಟನೇ ಮಿಷನ್ ಅಂತ ಥಟ್ಟನೆ ಹೇಳಲು ಬರುವುದಿಲ್ಲ. ಒಂದೇ ಆಟದ ಸಾಕಷ್ಟು ನಂಬರ್‌ಗಳು ಕೂಡಿದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಅಂತ ಅಂದಾಜು ಸಿಗುತ್ತದೆ, ಅಷ್ಟೇ.

418 ಯಾರಿಗೆ ಮಾರಾಟವಾಯಿತು ಅಂತ ಅಲ್ಲಿ ಏನೂ ಇರಲಿಲ್ಲ. ಇರುವುದಕ್ಕೂ ಸಾಧ್ಯವಿರಲಿಲ್ಲ, ಯಾಕೆಂದರೆ ಮಾಲೀಕ ನಾನೇ. ನಾನೇ ಸೇರಿಸಬೇಕು.

ಸೇರಿಸುವ ಮುಂಚೆ ಒಂದು ನಿಯಮ ಕಣ್ಣಿಗೆ ಬಿತ್ತು. ನಂಬರ್ ಒಂದೇ ಕಡೆ ಇರುವುದಿಲ್ಲ, ಬೇರೆ ಕಡೆಯೂ ಹುಡುಕಿ. ಪಿನ್‌ಬಾಲ್ ಮಿಷನ್ ಎರಡು ಭಾಗ. ಗುಂಡು ಓಡುವ ಉದ್ದನೆಯ ಪೆಟ್ಟಿಗೆ ಒಂದು, ಅದರ ಹಿಂದೆ ಎದ್ದು ನಿಂತ ಚಿತ್ರದ ಪೆಟ್ಟಿಗೆ ಒಂದು. ಎದ್ದು ನಿಂತದ್ದನ್ನು ಇಲ್ಲಿಯವರು ಹೆಡ್ ಅನ್ನುತ್ತಾರೆ, ತಲೆ. ಗಾಟ್‌ಲೀಬಿನ ಒಬ್ಬರೇ ಆಡುವ ಆಟಗಳಲ್ಲಿ ಇದರ ಬದಿಗಳು ಓರೆ, ಅದಕ್ಕೆ ವೆಜ್‌ಹೆಡ್ ಅಂತ ಅಡ್ಡಹೆಸರು. ಸಾಗಿಸುವಾಗ ತಲೆ, ಮೈ ಬೇರೆ ಮಾಡುತ್ತಿದ್ದರು. ಮತ್ತೆ ಜೋಡಿಸುವಾಗ ಯಾರ ತಲೆ ಯಾರಿಗೋ ಹೋಗಬಾರದು ಅಂತ ಎರಡಕ್ಕೂ ಅದೇ ನಂಬರ್.

ತಲೆಯ ಹಿಂದಿನ ಬಾಗಿಲು ತೆಗೆದೆ. ಅರವತ್ತು ವರ್ಷದ ಧೂಳು, ಬಿಸಿ ತಾಗಿದ ಮರ, ಹಳೇ ರೇಡಿಯೋ ಬಿಚ್ಚಿದಾಗ ಬರುವ ವಾಸನೆ. ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ಬಟ್ಟೆ ಸುತ್ತಿದ ಬಣ್ಣಬಣ್ಣದ ವೈರ್‌ಗಳು, ಕರೆಂಟ್ ಬಂದರೆ ತಾವಾಗಿಯೇ ಆಡುವ ರಿಲೇ ಸ್ವಿಚ್‌ಗಳು, ಅಂಕಿ ತಿರುಗಿಸುವ ಚಕ್ರಗಳು. ಮೇಲುಗಡೆ ಕುದುರೆಯ ಹಿಂಗಾಲು ಆಡಿಸುವ ಕಾಯಿಲ್. ಈ ಆಟದ ಮಜಾನೇ ಅದು. ಗುಂಡು ಸರಿಯಾದ ಗುರಿಗೆ ತಾಗಿದರೆ ಚಿತ್ರದ ಕುದುರೆ ಝಾಡಿಸಿ ಒದೆಯುತ್ತದೆ, ಕೌಬಾಯ್ ಗಿರ್ರನೆ ಲಾಗ ಹೊಡೆಯುತ್ತಾನೆ.

ಕೆಳಗಿನ ಹಲಗೆಯ ಮೇಲೆ ನಂಬರ್ ಇತ್ತು. ಇಲ್ಲಿ ಪೇಂಟ್ ಇಲ್ಲ, ಪೆನ್ಸಿಲ್ ಬೇಕಾಗಲಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. 673.

ಇನ್ನೊಮ್ಮೆ ನೋಡಿದೆ. 673. ಮೈಯೊಳಗಿನ ಮೆಕ್ಯಾನಿಸಂ ಬೋರ್ಡ್ ನೋಡಿದೆ, ಅದರಲ್ಲಿ 418. ಮೈ ಅಲ್ಲಿಗಲ್ಲಿಗೆ ಸರಿಯಾಗಿದೆ. ತಲೆ ಮಾತ್ರ ಬೇರೆ ಮಿಷನ್ನಿನದು.

ಮರುದಿನ ಅಪ್ಪನಿಗೆ ಹೇಳಿದೆ. “ಇಂಜಿನ್ ನಂಬರ್ ಒಂದು, ಚಾಸಿ ನಂಬರ್ ಒಂದು!” ಅಂದರು. “ಕದ್ದ ಗಾಡಿ ಕಣೋ ಅದು. ದುಡ್ಡು ವಾಪಸ್ ಕೇಳು.”

ನಿಜ ಹೇಳಬೇಕಂದರೆ ನನಗೂ ಬೇಜಾರಾಗಿತ್ತು. ಎಲ್ಲ ಒರಿಜಿನಲ್ ಅಂದಿದ್ದರಲ್ಲ. ಸಂಗ್ರಹಕಾರರಲ್ಲಿ ನಂಬರ್ ಹೊಂದಿಕೆಯಾದ ಮಿಷನ್ನಿಗೆ ಬೇರೆಯೇ ಮರ್ಯಾದೆ. ಎರಡು ವಾರ ಗ್ಯಾರೇಜಿನ ಕಡೆ ಹೋಗಲೇ ಇಲ್ಲ. ಆಮೇಲೆ ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ತಲೆಗೆ ಬಂತು. ಎರಡೂ ಬಕರೂದೇ. ಎರಡನ್ನೂ ಸೇರಿಸುವ ಜೋನ್ಸ್ ಪ್ಲಗ್‌ಗಳು ಸಲೀಸಾಗಿ ಕೂತಿವೆ. ಒಂದು ಬಕರೂದ ತಲೆ ಇನ್ನೊಂದು ಬಕರೂಗೆ ಬರಬೇಕಾದರೆ ಎರಡೂ ಒಂದೇ ಸೂರಿನ ಕೆಳಗೆ, ತಲೆ ಬಿಚ್ಚಿದ ಸ್ಥಿತಿಯಲ್ಲಿ, ಅಕ್ಕಪಕ್ಕ ಇದ್ದಿರಬೇಕು. ಒಂದು ಸಣ್ಣ ಬಾರಿನಲ್ಲಿ ಒಂದೇ ಆಟದ ಎರಡು ಮಿಷನ್ ಯಾರು ಇಡುತ್ತಾರೆ? ಇದು ಆಪರೇಟರ್ ಗೋಡೌನಿನ ಕೆಲಸ. ಆಪರೇಟರ್ ಅಂದರೆ ಹತ್ತಾರು ಮಿಷನ್ ಕೊಂಡು, ಬಾರು, ಹೋಟೆಲುಗಳಲ್ಲಿ ಇಟ್ಟು, ವಾರಕ್ಕೊಮ್ಮೆ ಬಂದು ನಾಣ್ಯ ಎಣಿಸಿ ಅಂಗಡಿಯವನ ಜೊತೆ ಪಾಲು ಮಾಡಿಕೊಳ್ಳುವವನು. ಆಗಿನ ಬಹುಪಾಲು ಮಿಷನ್‌ಗಳು ಓಡುತ್ತಿದ್ದದ್ದೇ ಹೀಗೆ.

ನಂಬರ್ ಎರಡೂ ಕಡೆ ಹೊಂದಿದ್ದರೆ ‘ಸರಿ, ಒರಿಜಿನಲ್’ ಅಂತ ಬಾಗಿಲು ಮುಚ್ಚಿ ಎದ್ದುಬಿಡುತ್ತಿದ್ದೆ.

ಅಜ್ಜನ ಬಾರಿನ ಕತೆಗೆ ಇನ್ನೂ ಒಂದು ಏಟು ಬಿತ್ತು. ಅದು ಪೂರ್ತಿ ತಮಾಷೆಯ ಸಂಗತಿ. ಅಷ್ಟೆಲ್ಲ ಪಿನ್‌ಬಾಲ್ ಮಾಡುತ್ತಿದ್ದ ಚಿಕಾಗೊ ನಗರದೊಳಗೆ ಪಿನ್‌ಬಾಲ್ ಆಡುವುದಕ್ಕೇ ನಿಷೇಧ ಇತ್ತು! 1970ರ ದಶಕದವರೆಗೂ. ಜೂಜು ಅನ್ನುವುದು ಕಾರಣ. ಜಾಸ್ತಿ ಸ್ಕೋರ್ ಮಾಡಿದರೆ ಮಿಷನ್ ಒಂದು ಪುಕ್ಕಟೆ ಆಟ ಕೊಡುತ್ತಿತ್ತು, ಕೆಲವು ಅಂಗಡಿಯವರು ಆ ಆಟದ ಬದಲು ಕೈಗೆ ಕಾಸು ಕೊಡುತ್ತಿದ್ದರು. ನ್ಯೂಯಾರ್ಕಿನಲ್ಲಂತೂ 1942ರಲ್ಲಿ ಮೇಯರ್ ಲಾ ಗಾರ್ಡಿಯಾ ನಿಷೇಧ ತಂದು, ಮಿಷನ್‌ಗಳನ್ನು ಸುತ್ತಿಗೆಯಿಂದ ಒಡೆಸಿದರು. ಅಲ್ಲಿ ಅದು ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಅನ್ನುವ ಯುವಕ ಅಧಿಕಾರಿಗಳ ಮುಂದೆ ಆಡಿ ತೋರಿಸಿದ. ಗುಂಡು ಇಂಥ ಕಡೆಯಿಂದಲೇ ಇಳಿಯುತ್ತದೆ ಅಂತ ಮೊದಲೇ ಹೇಳಿ, ಹಾಗೇ ಇಳಿಸಿದ. ಇದು ಅದೃಷ್ಟ ಅಲ್ಲ, ಕೈಚಳಕ ಅಂತ ಅವರು ಒಪ್ಪಿದರು. ನಮ್ಮ ಕಡೆ ಇಸ್ಪೀಟು, ರಮ್ಮಿಯ ಬಗ್ಗೆ ಕೋರ್ಟಿನಲ್ಲಿ ನಡೆಯುವುದೂ ಇದೇ ವಾದ ಅಲ್ವಾ?

ಹಾಗಾದರೆ 1965ರಲ್ಲಿ ಚಿಕಾಗೊದ ಬಾರಿನಲ್ಲಿ ರಾಜಾರೋಷವಾಗಿ ಬಕರೂ ಇದ್ದಿರಲು ಸಾಧ್ಯವೇ ಇಲ್ಲ. ಎಲ್ಲಿತ್ತು ಹಾಗಾದರೆ?

ನಂಬರ್ ಪಕ್ಕಕ್ಕಿಟ್ಟು ಮಿಷನ್ನನ್ನು ಇಂಚಿಂಚಾಗಿ ನೋಡಲು ಶುರು ಮಾಡಿದೆ. ಈ ಕೆಲಸ ಮಾಡುವವರಿಗೆ ಒಂದು ಮಾತು. ಮೊದಲು ಫೋಟೋ, ಆಮೇಲೆ ಬಟ್ಟೆ. ನಾನು ಉಲ್ಟಾ ಮಾಡಿದೆ. ತಲೆಯ ಹಿಂಬಾಗಿಲಿನ ಒಳಬದಿಯಲ್ಲಿ ಧೂಳು ಅಂತ ಒದ್ದೆ ಬಟ್ಟೆ ಹಾಕಿ ಒರೆಸಿದೆ. ನಾಲ್ಕನೇ ಸಲ ಒರೆಸುವಾಗ ಬಟ್ಟೆಯ ಹಿಂದೆ ಬೂದು ಬಣ್ಣದ ಅಕ್ಷರಗಳು ಅಳಿಸಿಕೊಂಡು ಹೋಗುತ್ತಿರುವುದು ಕಂಡಿತು. ಪೆನ್ಸಿಲ್ ಬರಹ. ಮೆಕ್ಯಾನಿಕ್ ಬರೆದಿಟ್ಟದ್ದು. ಮೇಲಿನ ಐದಾರು ಸಾಲು ಪೂರ್ತಿ ಹೋಗಿತ್ತು. ಬಟ್ಟೆ ಕೈಯಲ್ಲೇ ಹಿಡಿದು ಸುಮ್ನೆ ನಿಂತುಬಿಟ್ಟೆ. ಅರ್ಧ ಶತಮಾನ ಉಳಿದದ್ದನ್ನು ನಾನು ಹತ್ತು ಸೆಕೆಂಡಿನಲ್ಲಿ ಒರೆಸಿಹಾಕಿದ್ದೆ.

ಉಳಿದ ಸಾಲುಗಳು ಇವು. ಅಮೆರಿಕದ ಪದ್ಧತಿಯಂತೆ ಮೊದಲು ತಿಂಗಳು, ಆಮೇಲೆ ದಿನ: 7-17-69, ಕಾಯಿಲ್. 6-7-70, ಬಲ್ಬು. 8-27-71, ಮತ್ತೆ ಕಾಯಿಲ್. ಪಾಪ, ಕುದುರೆ ಒದ್ದೂ ಒದ್ದೂ ಸುಟ್ಟುಹೋಗುತ್ತಿತ್ತು ಅಂತ ಕಾಣುತ್ತದೆ. ಎಲ್ಲ 7ಕ್ಕೂ ಹೊಟ್ಟೆಯ ಮೇಲೆ ಒಂದು ಅಡ್ಡಗೀಟು. ಯುರೋಪಿನಲ್ಲಿ ಕಲಿತವರು ಹಾಗೆ ಬರೆಯುತ್ತಾರೆ, ಅಮೆರಿಕದವರು ಸಾಮಾನ್ಯವಾಗಿ ಬರೆಯುವುದಿಲ್ಲ.

ಈಗ ಮೈಯ ಒಳಗೆ, ಮೆಕ್ಯಾನಿಸಂ ಬೋರ್ಡಿನ ಪಕ್ಕ ನೋಡಿದೆ. ಈ ಸಲ ಬಟ್ಟೆ ಮುಟ್ಟಲಿಲ್ಲ. ಬಣ್ಣದ ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಧೂಳು ತಳ್ಳಿದೆ. ಅಲ್ಲೂ ಪೆನ್ಸಿಲ್. 5-27-67. 7-3-68. 9-1-72. ಅದೇ ಕೈ. ಅದೇ ಅಡ್ಡಗೀಟಿನ 7.

ಅಂದರೆ 418 ಮತ್ತು 673 ಒಬ್ಬನೇ ಮೆಕ್ಯಾನಿಕ್ ಕೈಯಲ್ಲಿದ್ದವು. ತಲೆ ಅದಲುಬದಲಾದದ್ದು ಅವನ ಕಣ್ಣಮುಂದೆಯೇ.

ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಟ್ಟು ಆರು. ಹೆಂಡತಿ ಕಾಫಿ ತಂದುಕೊಟ್ಟು ಹಾಳೆ ನೋಡಿದಳು. “ಚಳಿಗಾಲದಲ್ಲಿ ಒಂದು ಸಲಾನೂ ಕೆಟ್ಟಿಲ್ವಲ್ಲ?” ಅಂದಳು. ನಾನು ಮೂರು ದಿನದಿಂದ ನೋಡುತ್ತಿದ್ದೆ, ನನಗೆ ಹೊಳೆದಿರಲಿಲ್ಲ. ಎಲ್ಲ ತಾರೀಕೂ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ. ಇಲ್ಲಿ ಅದು ರಜೆಯ ಕಾಲ. ಕೆರೆ ದಂಡೆಯ ರೆಸಾರ್ಟುಗಳು ಬಾಗಿಲು ತೆರೆಯುವುದೂ ಆಗಲೇ, ಮುಚ್ಚುವುದೂ ಆಗಲೇ. ಸೀಸನ್ ಮುಗಿದ ಮೇಲೆ ಮಿಷನ್‌ಗಳನ್ನೆಲ್ಲ ಒಟ್ಟುಮಾಡಿ, ತಲೆ ಬಿಚ್ಚಿ, ಹಿಮ ಕರಗುವವರೆಗೆ ಗೋಡೌನಿನಲ್ಲಿ ಪೇರಿಸಿಡುತ್ತಿದ್ದರು ಅಂದುಕೊಳ್ಳಿ. ಮೇ ತಿಂಗಳಲ್ಲಿ ಅವಸರದಲ್ಲಿ ಜೋಡಿಸುವಾಗ ಕೈಗೆ ಸಿಕ್ಕ ಬಕರೂ ತಲೆಯನ್ನು ಕೈಗೆ ಸಿಕ್ಕ ಬಕರೂ ಮೈಗೆ ಕೂರಿಸಿದ್ದಾನೆ. ಪ್ಲಗ್ ಕೂತಿತು, ಲೈಟ್ ಹತ್ತಿತು, ನಡಿ ಮುಂದಿನದು.

ಇದು ನನ್ನ ಊಹೆ. ಆದರೆ ಎರಡು ದಿನದಲ್ಲಿ ಅದಕ್ಕೆ ಬಲ ಬಂತು. ಪೆಟ್ಟಿಗೆಯ ಬದಿಯ ಸ್ಟೀಲ್ ಪಟ್ಟಿ ಬಿಚ್ಚಿದಾಗ ಒಳಗೆ ಅರ್ಧ ಮುಚ್ಚಿಹೋಗಿದ್ದ ಒಂದು ಪರವಾನಗಿ ಚೀಟಿ ಸಿಕ್ಕಿತು. ಊರಿಗೆ ಇಂತಿಷ್ಟು ಶುಲ್ಕ ಕಟ್ಟಿ ಮಿಷನ್ ಮೇಲೆ ಅಂಟಿಸುವಂಥದ್ದು. ವಿಸ್ಕಾನ್ಸಿನ್ ರಾಜ್ಯದ ಉತ್ತರಕ್ಕೆ, ಕೆರೆಗಳ ಸೀಮೆಯಲ್ಲಿರುವ ಒಂದು ಪುಟ್ಟ ಊರು. ವರ್ಷ 1968. ಚಿಕಾಗೊದಿಂದ ಆರು ಗಂಟೆ ದಾರಿ. ಪೆಟ್ಟಿಗೆಯ ತಳದಲ್ಲಿ, ಎರಡು ಹಲಗೆ ಸೇರುವ ಸಂದಿಯಲ್ಲಿ, ಒಂದು ಹತ್ತು ಸೆಂಟಿನ ನಾಣ್ಯವೂ ಸಿಕ್ಕಿತು, 1964ರದ್ದು. ಆ ವರ್ಷದವರೆಗಿನವು ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಮಗಳು ಅದನ್ನು ತನ್ನ ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ, ಕೇಳಿದರೂ ಕೊಡುವುದಿಲ್ಲ.

ಇನ್ನು ಉಳಿದದ್ದು 673ರ ಮೈ. ಅದು ಎಲ್ಲೋ ಇರಬೇಕಲ್ಲ. ಸೀರಿಯಲ್ ನಂಬರ್ ಪಟ್ಟಿಯಲ್ಲಿ ಬಕರೂ ನಂಬರ್‌ಗಳನ್ನು ಒಂದೊಂದಾಗಿ ಇಳಿಸುತ್ತಾ ಹೋದೆ. ಇತ್ತು! ಹಲವು ವರ್ಷದ ಹಿಂದೆ ಯಾರೋ ಮಿನೆಸೊಟಾದಿಂದ ಸೇರಿಸಿದ್ದರು. ಎಲ್ಲಿ ಓದಿದ ನಂಬರ್ ಅಂದರೆ, ಮೈಯ ಮುಂದಿನ ಅಂಚು. ತಲೆಯ ಬಗ್ಗೆ ಒಂದಕ್ಷರ ಇಲ್ಲ.

ಕಾಗದ ಬರೆದೆ. ಅಂದರೆ ಇಮೇಲು. ಮೂರು ವಾರ ಉತ್ತರ ಇಲ್ಲ. ಹಳೇ ವಿಳಾಸ, ಸತ್ತುಹೋಗಿರಬೇಕು ಅಂದುಕೊಂಡೆ. ವಿಳಾಸ ಅಂದೆ, ಮನುಷ್ಯ ಅಲ್ಲ. ನಾಲ್ಕನೇ ವಾರ ಉತ್ತರ ಬಂತು. ಒಬ್ಬ ರಿಟೈರ್ಡ್ ಮೇಷ್ಟ್ರು. ಕಣ್ಣಿನ ಆಪರೇಷನ್ ಆಗಿತ್ತಂತೆ, ಕಂಪ್ಯೂಟರ್ ಮುಟ್ಟಬಾರದು ಅಂದಿದ್ದರಂತೆ. ಮಿಷನ್ ಇನ್ನೂ ಅವರಲ್ಲೇ ಇದೆ. ತಲೆಯ ಹಿಂಬಾಗಿಲನ್ನು ಅವರು ನಂಬರ್‌ಗೋಸ್ಕರ ಯಾವತ್ತೂ ನೋಡಿರಲೇ ಇಲ್ಲ.

ನೋಡಿ ಫೋಟೋ ಕಳಿಸುತ್ತೇನೆ ಅಂದರು. ನಾನು ಅಲ್ಲಿ 418 ಇರುತ್ತದೆ ಅಂತ ಖಚಿತವಾಗಿ ಕಾಯುತ್ತಿದ್ದೆ. ಇಬ್ಬರೂ ನಡುದಾರಿಯಲ್ಲಿ ಎಲ್ಲೋ ಭೇಟಿಯಾಗಿ ತಲೆ ಬದಲಾಯಿಸಿಕೊಳ್ಳುವುದು, ಫೋಟೋ ತೆಗೆಯುವುದು, ಎಲ್ಲ ಮನಸ್ಸಿನಲ್ಲೇ ನಡೆದುಹೋಗಿತ್ತು.

ಫೋಟೋ ಬಂತು. 902.

ಅವರ ತಲೆ ಮೂರನೇ ಮಿಷನ್ನಿನದು! ಜೋರಾಗಿ ನಕ್ಕುಬಿಟ್ಟೆ, ಮೇಲೆ ಮಲಗಿದ್ದ ಮಗಳು ಎದ್ದಳು. ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಗಿಲಿನ ಒಳಬದಿ ಪೂರ್ತಿ ಪೆನ್ಸಿಲ್ ಬರಹ, ಮೇಲಿಂದ ಕೆಳಗೆ ಹದಿನಾಲ್ಕು ಸಾಲು. ಯಾರೂ ಒದ್ದೆ ಬಟ್ಟೆ ಹಾಕಿರಲಿಲ್ಲ. 6-17-66 ಅಂತ ಶುರು. ಪ್ರತಿ 7ಕ್ಕೂ ಅಡ್ಡಗೀಟು. ಸೀರಿಯಲ್ ನಂಬರ್ ಕೈಕೊಟ್ಟ ಕಡೆ ಆ ಮೆಕ್ಯಾನಿಕ್ಕಿನ ಕೈಬರಹ ಕೈ ಹಿಡಿಯಿತು. ಕಡಿಮೆ ಅಂದರೂ ಮೂರು ಬಕರೂ ಒಬ್ಬನೇ ಆಪರೇಟರ್ ಹತ್ತಿರ ಇದ್ದವು. ಮೇಷ್ಟ್ರು ತಮ್ಮದನ್ನು ಕೊಂಡದ್ದು 1980ರಲ್ಲಿ, ವಿಸ್ಕಾನ್ಸಿನ್ ಗಡಿಯ ಆಚೆ, ಒಂದು ಶೆಡ್ ಖಾಲಿ ಮಾಡುತ್ತಿದ್ದಾಗ. ಆಗ ಎಲೆಕ್ಟ್ರಾನಿಕ್ ಮಿಷನ್‌ಗಳು ಬಂದು ಎರಡು ಮೂರು ವರ್ಷ ಆಗಿತ್ತು. ರಿಲೇ ಮಿಷನ್‌ಗಳನ್ನು ಕೇಳುವವರಿರಲಿಲ್ಲ, ಸಿಕ್ಕ ಬೆಲೆಗೆ ಮನೆಗಳಿಗೆ ಮಾರುತ್ತಿದ್ದರು.

ಇಷ್ಟಾದ ಮೇಲೆ ಅಜ್ಜನ ಮೊಮ್ಮಗಳಿಗೆ ಫೋನ್ ಮಾಡಿದೆ. ಮಾಡಬೇಕೋ ಬೇಡವೋ ಅಂತ ಬಹಳ ಯೋಚಿಸಿದ್ದೆ. ನಿಮ್ಮಜ್ಜನ ಕತೆ ಸುಳ್ಳು ಅಂತ ಹೇಳಿದ ಹಾಗಾಗಬಾರದು. ವಿಸ್ಕಾನ್ಸಿನ್ ಊರಿನ ಹೆಸರು ಹೇಳುತ್ತಿದ್ದಂತೆ ಆಕೆ, “ಅಯ್ಯೋ, ಅದು ಅಜ್ಜ ಮೀನು ಹಿಡಿಯೋಕೆ ಹೋಗುತ್ತಿದ್ದ ಜಾಗ” ಅಂದರು. ಪ್ರತಿ ಬೇಸಿಗೆ ಹೋಗುತ್ತಿದ್ದರಂತೆ. ತಾಯಿಯನ್ನು ಕೇಳಿ ವಾಪಸ್ ಫೋನ್ ಮಾಡಿದರು. ಬಾರ್ ಇದ್ದದ್ದು ನಿಜ. ಅಲ್ಲಿ ಮಿಷನ್ ಇದ್ದದ್ದೂ ನಿಜ. ಆದರೆ ಅದು ಬೌಲಿಂಗ್ ಆಟದ ಉದ್ದನೆಯ ಮಿಷನ್, ಪಿನ್‌ಬಾಲ್ ಅಲ್ಲ. ಪಿನ್‌ಬಾಲನ್ನು ಅಜ್ಜ ಒಂದು ಸಲ ಮೀನಿನ ಡಬ್ಬದ ಜೊತೆ ಟ್ರಕ್ಕಿನಲ್ಲಿ ಹೇರಿಕೊಂಡು ಬಂದಿದ್ದರಂತೆ, ಅಜ್ಜಿ ಒಂದು ವಾರ ಮಾತು ಬಿಟ್ಟಿದ್ದರಂತೆ. ಇದನ್ನು ನನ್ನ ಹೆಂಡತಿಗೆ ಹೇಳಿದೆ. ಅವಳಿಗೆ ಆ ಅಜ್ಜಿ ತುಂಬ ಇಷ್ಟವಾದರು.

ಪಟ್ಟಿಗೆ ನನ್ನ ಮಿಷನ್ ಸೇರಿಸಿದೆ. ಟಿಪ್ಪಣಿಯಲ್ಲಿ ‘ಮೈ 418, ತಲೆ 673, ಅಡ್ಡಗೀಟಿನ 7 ಇರುವ ಪೆನ್ಸಿಲ್ ಬರಹ ಇದ್ದರೆ ದಯವಿಟ್ಟು ತಿಳಿಸಿ’ ಅಂತ ಬರೆದೆ. ಮೇಷ್ಟ್ರೂ ತಮ್ಮದರಲ್ಲಿ 902 ಸೇರಿಸಿದರು. ಆ 902ರ ಮೈ ಎಲ್ಲಿದೆಯೋ, ಅದರ ಮೇಲೆ ಕೂತಿರುವುದು ನನ್ನ 418ರ ತಲೆಯೋ ಅಥವಾ ನಾಲ್ಕನೆಯದೋ. ಅಕ್ಟೋಬರಿನಲ್ಲಿ ಚಿಕಾಗೊ ಸುತ್ತಮುತ್ತ ನಡೆಯುವ ಪಿನ್‌ಬಾಲ್ ಎಕ್ಸ್‌ಪೋಗೆ ಹೋಗಿದ್ದೆ. 1985ರಿಂದ ನಡೆಯುತ್ತಿರುವ ಜಾತ್ರೆ ಅದು. ಒಂದು ಬಕರೂ ಇತ್ತು. ಅದರ ಮಾಲೀಕರು ನನ್ನ ಕತೆ ಕೇಳಿ, ತಾವೇ ಟಾರ್ಚ್ ಹಿಡಿದು ಬಾಗಿಲು ತೆಗೆದರು. ಎರಡೂ ಕಡೆ ಒಂದೇ ನಂಬರ್, ಒಳಗೆ ಒಂದು ಪೆನ್ಸಿಲ್ ಗೆರೆಯೂ ಇಲ್ಲ. ಬಹಳ ಚೊಕ್ಕ ಮಿಷನ್. ಒಂದು ನಿಮಿಷದಲ್ಲಿ ನೋಡಿ ಮುಗಿಯಿತು.

ಕಾಯಿಲ್ ಬದಲಾಯಿಸಿ, ಸುಟ್ಟ ಕಾಂಟ್ಯಾಕ್ಟುಗಳನ್ನು ಸಣ್ಣ ಅರದಲ್ಲಿ ಉಜ್ಜಿ, ಹೋದ ತಿಂಗಳು ಮಿಷನ್ ಓಡುವ ಹಾಗೆ ಮಾಡಿದೆ. ಹಿಂಬಾಗಿಲಿನ ಒಳಗೆ, ನಾನು ಅಳಿಸಿದ ಜಾಗದಲ್ಲೇ, ಪೆನ್ಸಿಲಿನಲ್ಲಿ ತಾರೀಕು ಬರೆದು ‘ಕಾಯಿಲ್’ ಅಂತ ಹಾಕಿದೆ. ಕನ್ನಡದಲ್ಲೇ. ಮುಂದೆ ಯಾರಾದರೂ ನೋಡಿ ತಲೆ ಕೆರೆದುಕೊಳ್ಳಲಿ.

ಅಪ್ಪನಿಗೆ ಮತ್ತೆ ವಿಡಿಯೋ ಕಾಲ್.

“ನಂಬರ್ ಮ್ಯಾಚ್ ಆಯ್ತೇನೋ?”

“ಇಲ್ಲ ಅಪ್ಪ. ಇನ್ನೊಂದು ಸಿಕ್ತು, ಅದೂ ಮ್ಯಾಚ್ ಆಗಲ್ಲ.”

“ಹೋಗ್ಲಿ ಬಿಡು. ಆ ಕುದುರೆ ಒದೆಯುತ್ತೆ ಅಂದಿದ್ಯಲ್ಲ, ಒದೆಸು ನೋಡಣ.”

ಮಗಳು ಫೋನ್ ಹಿಡಿದುಕೊಂಡಳು. ಮೊದಲ ಮೂರು ಗುಂಡು ಸೀದಾ ಮಧ್ಯದಲ್ಲಿ ಇಳಿದುಹೋದವು. ಹಾಸನದಿಂದ ‘ಛೆ’ ಅಂತ ಕೇಳಿಸಿತು. ನಾಲ್ಕನೆಯದು ಎಡ ಫ್ಲಿಪ್ಪರಿನ ತುದಿಗೆ ಸಿಕ್ಕಿ ಮೇಲಕ್ಕೆ ಹಾರಿ, ನಡುವಿನ ತಿರುಗುವ ಗುರಿಗೆ ‘ಟಣ್’ ಅಂತ ಬಡಿಯಿತು. 418ರ ಗುಂಡಿಗೆ 673ರ ಕುದುರೆ ಒದೆಯಿತು. ಕೌಬಾಯ್ ಒಂದು ಸುತ್ತು ಪೂರ್ತಿ ತಿರುಗಿದ.

“ಇನ್ನೊಂದ್ಸಲ” ಅಂದರು ಅಪ್ಪ.